ತಕ್ಕಡಿಯಕ್ಕನ ಸಪ್ಪೆ ಪಾಸ್ತಾ

ತಪ್ಪು ಮಾಡಿ ದಕ್ಕಿಸಿಕೊಳ್ಳುವವರು ನಮ್ಮ ಕಾರ್ಖಾನೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಯಂತ್ರ ಕೆಡಿಸಿ ಕರೆಂಟಿನ ಮೇಲೆ ಹಾಕುತ್ತಾರೆ, ಸರಕು ಬೀಳಿಸಿ ಲಾರಿಯವನ ಮೇಲೆ ಹಾಕುತ್ತಾರೆ, ಸಂಜೆ ಎಲ್ಲರ ಜೊತೆ ನಗುತ್ತಾ ವ್ಯಾನ್ ಹತ್ತುತ್ತಾರೆ. ತಕ್ಕಡಿಯಕ್ಕನಿಗೆ ಆ ವಿದ್ಯೆ ಹತ್ತಲಿಲ್ಲ. ಅಂಗಡಿಯಲ್ಲಿ ನಮ್ಮದೇ ಪಾಸ್ತಾ ಡಬ್ಬಗಳನ್ನು ಜೋಡಿಸಿಟ್ಟಿದ್ದರೆ ಈಗಲೂ ಆಕೆ ತಲೆ ತಗ್ಗಿಸಿಕೊಂಡು ಆ ಸಾಲು ದಾಟುತ್ತಾಳೆ. ಡಬ್ಬ ಏನು ಎದ್ದು ಬಂದು ಕೇಳುತ್ತದೆಯೇ? ಆದರೂ ತಗ್ಗಿಸುತ್ತಾಳೆ.

ತಕ್ಕಡಿಯಕ್ಕ ಎನ್ನುವುದು ನಾವು ಇಟ್ಟ ಹೆಸರು. ನಮ್ಮದು ಡಬ್ಬದ ಊಟ ತಯಾರಿಸುವ ಕಾರ್ಖಾನೆ. ಸಸ್ಯಾಹಾರಿ ಪಾಸ್ತಾ ಮುಖ್ಯ ಸರಕು. ಚಪ್ಪಟೆ ತಟ್ಟೆಯಲ್ಲಿ ಬೆಂದ ಪಾಸ್ತಾ, ಟೊಮೆಟೊ ಸಾಸ್, ಒಂದಿಷ್ಟು ಬಟಾಣಿ, ಕ್ಯಾರೆಟ್ ಚೂರು, ಮೇಲೊಂದು ಪ್ಲಾಸ್ಟಿಕ್ ಹಾಳೆ, ಅದಕ್ಕೊಂದು ರಟ್ಟಿನ ಡಬ್ಬ. ಡಬ್ಬದ ಮೇಲಿನ ಚಿತ್ರದಲ್ಲಿ ತರಕಾರಿ ತಟ್ಟೆಯಿಂದ ಉಕ್ಕಿ ಚೆಲ್ಲುತ್ತಿರುತ್ತದೆ. ಒಳಗೆ ಬಟಾಣಿಗಳು ಮಾತು ಬಿಟ್ಟ ದಾಯಾದಿಗಳ ಹಾಗೆ ಒಂದೊಂದು ಮೂಲೆಯಲ್ಲಿ ಒಂದೊಂದು ಕೂತಿರುತ್ತವೆ. ಸಸ್ಯಾಹಾರಿ ಎಂಬ ಒಂದು ಮಾತು, ಹಸಿರು ಬಣ್ಣದ ಒಂದು ಎಲೆ, ಇಷ್ಟಿದ್ದರೆ ಜನ ಮೈಗೆ ಒಳ್ಳೆಯದು ಎಂದು ಕಣ್ಣು ಮುಚ್ಚಿ ಒಯ್ಯುತ್ತಾರೆ. ಸತ್ವ ಎಷ್ಟು, ನಾರು ಎಷ್ಟು, ಉಪ್ಪು ಎಷ್ಟು ಎಂಬುದೆಲ್ಲ ಡಬ್ಬದ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ ಸರಿಯಾಗಿಯೇ ಅಚ್ಚಾಗಿರುತ್ತದೆ. ನಮ್ಮ ಕಂಪನಿ ಸುಳ್ಳು ಹೇಳಿದ್ದಲ್ಲ. ಓದುವವರು ಇರಲಿಲ್ಲ, ಅಷ್ಟೇ.

ನಾನೂ ಅಕ್ಕನೂ ರುಚಿ ನೋಡುವ ಕೋಣೆಯವರು. ಅಲ್ಲಿ ಸಾಲಾಗಿ ಮರದ ಗೂಡುಗಳಿವೆ, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬಾರದು. ಬಣ್ಣ ನೋಡಿ ಮೋಸಹೋಗಬಾರದೆಂದು ಕೆಂಪು ದೀಪ. ಮುಂದಿನ ಪುಟ್ಟ ಕಿಟಕಿಯಿಂದ ಎರಡು ಬಟ್ಟಲು ಒಳಗೆ ಬರುತ್ತವೆ. ಒಂದು ಹೊಸ ಬ್ಯಾಚಿನದು, ಇನ್ನೊಂದು ಹಿಂದಿನ ಸಲ ನಾವೇ ಒಪ್ಪಿದ್ದು. ಒಂದು ಚಮಚ ಬಾಯಿಗಿಟ್ಟು, ನಾಲಿಗೆಯ ಮೇಲೆ ಹೊರಳಿಸಿ, ಉಗುಳಿ, ಉಗುರುಬೆಚ್ಚಗಿನ ನೀರಿನಲ್ಲಿ ಮುಕ್ಕಳಿಸಿ, ಬ್ರೆಡ್ಡಿನ ತುಣುಕು ಜಗಿದು, ಇನ್ನೊಂದನ್ನು ನೋಡಬೇಕು. ಎರಡೂ ಒಂದೇ ಎನಿಸಿದರೆ ಹೊಸ ಬ್ಯಾಚ್ ಪಾಸು. ನನಗೆ ಒಪ್ಪಿಸಿದ್ದು ಪಾಸ್ತಾದ ಹದ. ಹಲ್ಲಿಗೆ ಸಿಗಬೇಕು, ಆದರೆ ಅಂಟಬಾರದು. ಉಪ್ಪಿನ ತೀರ್ಪು ಅಕ್ಕನದು. ಆಕೆ ಗೂಡಿನೊಳಗಿಂದಲೇ "ಒಂದು ಚಿಟಿಕೆ ಕಮ್ಮಿ" ಎಂದರೆ ಲ್ಯಾಬಿನವರು ಅಳೆದು ನೋಡಿ, ಹೌದು, ಕಮ್ಮಿಯೇ ಎಂದು ಬೆರಗಾಗುತ್ತಿದ್ದ ಕಾಲವೊಂದಿತ್ತು. ಹೆಸರು ಬಂದದ್ದು ಆಗ. ಬರಬರುತ್ತಾ ಲ್ಯಾಬಿನವರು ಬೆರಗಾಗುವುದನ್ನೂ ಬಿಟ್ಟರು, ವಾದಿಸುವುದನ್ನೂ ಬಿಟ್ಟರು. ಅಕ್ಕ ಹೇಳಿದಷ್ಟು ಉಪ್ಪು ಹಾಕಿ, ಅದರ ಅಂಕಿಯನ್ನು ಡಬ್ಬದ ಮುಂದಿನ ಅಚ್ಚಿಗೆ ಕಳಿಸಿ ಸುಮ್ಮನಾಗುತ್ತಿದ್ದರು.

ಆಕೆಯ ಮನೆ ನನ್ನ ಮನೆಯ ಪಕ್ಕದ್ದೇ, ನಡುವೆ ಒಂದು ಗೋಡೆ. ಗಂಡ ಬಸ್ಸಿನ ಡ್ರೈವರ್. ಬೆಳಿಗ್ಗೆ ಹೋದರೆ ಬರುವುದು ಸಂಜೆ, ಮಧ್ಯಾಹ್ನದ ಊಟ ಡಿಪೋದಲ್ಲಿ. ಮಕ್ಕಳಾಗಲಿಲ್ಲ. ಮನೆಯಲ್ಲಿ ಮೂರನೆಯವರು ಅತ್ತೆ. ಹೊಲಿಗೆ ಯಂತ್ರ ತುಳಿದು ಮಗನನ್ನೂ ಮಗಳನ್ನೂ ದಡ ಸೇರಿಸಿದ ಹೆಂಗಸು. ಕಡ್ಡಿಯಂಥ ಮೈ, ಕತ್ತರಿಯಂಥ ಬಾಯಿ. ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎನ್ನುವವರು ಆ ಮನೆಯನ್ನು ನೋಡಿರಲಿಲ್ಲ. ಅಡುಗೆಮನೆಯಲ್ಲಿ ಇಬ್ಬರೂ ಸೇರಿದರೆ ಗೋಡೆಯಾಚೆಗೆ ನನಗೆ ಕೇಳಿಸುತ್ತಿದ್ದದ್ದು ನಗು. ಅತ್ತೆ ಬೀದಿಯವರ ಮುಂದೆ ಹೇಳಿಕೊಳ್ಳುತ್ತಿದ್ದರು. "ಬೇರೆಯವರ ಸೊಸೆಯಂದ್ರಿಗೆ ನಾಲಿಗೆ ಉದ್ದ. ನಮ್ಮ ಸೊಸೆಗೆ ನಾಲಿಗೆಯಿಂದ್ಲೇ ಸಂಬಳ!"

ಆ ಅತ್ತೆಗೆ ಕಾಲು ಊದತೊಡಗಿತು. ಮೊದಲು ಚಪ್ಪಲಿ ಬಿಗಿಯಾಯಿತು. ಆಮೇಲೆ ಹೆಬ್ಬೆರಳಿನಲ್ಲಿ ಒತ್ತಿದರೆ ಪಾದದ ಮೇಲೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹೃದಯ ನೀರೆತ್ತುವ ಪಂಪಿನ ಹಾಗೆ, ಹಳೆಯದಾಗಿದೆ, ನಿಧಾನವಾಗಿದೆ ಎಂದರು.

"ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆಗಿಂತ ಮುಖ್ಯ ಉಪ್ಪು. ಇಡೀ ದಿನಕ್ಕೆ ಇಷ್ಟೇ ಅಂತ ಬರೆದು ಕೊಡ್ತೀನಿ, ನೀರೂ ಅಳತೇಲೇ ಇರಲಿ. ಉಪ್ಪು ಹೆಚ್ಚಾದಷ್ಟೂ ಮೈಯಲ್ಲಿ ನೀರು ನಿಲ್ಲುತ್ತೆ. ಇವತ್ತು ಕಾಲಲ್ಲಿದೆ, ನಾಳೆ ಶ್ವಾಸಕೋಶಕ್ಕೆ ಬಂದ್ರೆ ಉಸಿರಿಗೇ ಕುತ್ತು. ಡಬ್ಬದ್ದು ಏನಾದ್ರೂ ಕೊಡ್ತೀರಾ?"

"ಮಧ್ಯಾಹ್ನಕ್ಕೆ ನಮ್ಮ ಕಂಪನಿ ಪಾಸ್ತಾ ಡಾಕ್ಟ್ರೇ, ನಾನು ಕೆಲಸಕ್ಕೆ ಹೋದಾಗ. ತರಕಾರಿದು. ಸಪ್ಪೆ."

"ಡಬ್ಬದ ಹಿಂದೆ ಬರೆದಿರೋದು ನೋಡಿದ್ದೀರಾ?"

"ನಾನೇ ಅದರ ಉಪ್ಪು ನೋಡೋಳು" ಎಂದು ಅಕ್ಕ ನಕ್ಕಳು. ಹೊರಗೆ ಬಂದ ಮೇಲೆ ನನ್ನ ತೋಳು ಚಿವುಟಿ, "ಓದೋದು ನಾಲಿಗೆ ಇಲ್ಲದವರಿಗೆ ಕಣೇ" ಎಂದಳು. ನಾನೂ ನಕ್ಕೆ.

ಆದರೂ ಆಕೆಗೆ ಒಂದು ಅಳುಕು ಮೊದಲಿನಿಂದಲೂ ಇತ್ತು. ವಯಸ್ಸಾದವರ ಮುಂದೆ ಡಬ್ಬದ ಊಟ ಇಟ್ಟು ಹೋಗುತ್ತೇನಲ್ಲ ಎನ್ನುವ ಅಳುಕು. ಬೆಳಿಗ್ಗೆ ವ್ಯಾನಿನಲ್ಲಿ ಕೂತ ಮೇಲೆ, "ಎದ್ದು ಏನಾದ್ರೂ ಬೇಯಿಸಿಟ್ಟು ಬರಬಹುದಿತ್ತು" ಎನ್ನುತ್ತಿದ್ದಳು. ಆಮೇಲೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ತರಕಾರಿ ಇದೆ, ಎಣ್ಣೆ ಕಮ್ಮಿ, ಉಪ್ಪಂತೂ ಇಲ್ಲವೇ ಇಲ್ಲ ಎನ್ನುವಷ್ಟು. ಸಂಜೆಯ ಸೂಪನ್ನು ಮಾತ್ರ ಆಕೆಯೇ ಮಾಡುತ್ತಿದ್ದಳು. ಉಪ್ಪು ಚಮಚದಲ್ಲಿ ಅಳೆಯುವ ಪದ್ಧತಿ ಆ ಮನೆಯಲ್ಲಿ ಇರಲೇ ಇಲ್ಲ. ತಕ್ಕಡಿಯೇ ಒಲೆಯ ಮುಂದೆ ನಿಂತಿರುವಾಗ ಚಮಚ ಏತಕ್ಕೆ? ಅತ್ತೆಯ ಪಾಲನ್ನು ಬೇರೆ ತೆಗೆದು, ಒಂದು ಹನಿ ನಾಲಿಗೆಗೆ ಮುಟ್ಟಿಸಿ, ಸಪ್ಪೆ ಎನಿಸಿದ ಮೇಲೆಯೇ ಬಡಿಸುತ್ತಿದ್ದಳು.

ಊತ ಇಳಿಯಲಿಲ್ಲ. ಮಾತ್ರೆಯ ಬಣ್ಣ ಬದಲಾಯಿತು, ಊತ ಮೊಣಕಾಲಿಗೆ ಏರಿತು. ಅತ್ತೆಗೆ ಮೆಟ್ಟಿಲು ಹತ್ತುವಾಗ ಉಸಿರು ಸಾಲದಾಯಿತು. ಡಾಕ್ಟರು ಈ ಸಲ ಗದರಿದರು. "ಉಪ್ಪು ಎಲ್ಲಿಂದಲೋ ಹೋಗ್ತಿದೆ. ಇದು ಸುಳ್ಳಾಡಲ್ಲ" ಎಂದು ಮೂತ್ರಪರೀಕ್ಷೆಯ ಚೀಟಿಯನ್ನು ಮೇಜಿಗೆ ಬಡಿದರು.

ಎಲ್ಲಿಂದಲೋ ಎಂದರೆ ಎಲ್ಲಿಂದ? ತನ್ನ ಕೈಯಿಂದಂತೂ ಅಲ್ಲ. ಅಲ್ಲಿಗೆ ಉಳಿದದ್ದು ಒಂದೇ ದಾರಿ. ಅತ್ತೆ ಕದ್ದು ತಿನ್ನುತ್ತಿದ್ದಾರೆ.

ಅನುಮಾನದ ಕಣ್ಣಿಗೆ ಹಗ್ಗವೂ ಹಾವು. ಅಕ್ಕನಿಗೆ ಸಾಕ್ಷಿಗಳು ಒಂದೊಂದಾಗಿ ಸಿಗತೊಡಗಿದವು. ಅತ್ತೆ ನೀರು ಬಹಳ ಕುಡಿಯುತ್ತಾರೆ. ಅಳೆದಿಟ್ಟ ನೀರಿನ ಬಾಟಲು ಮಧ್ಯಾಹ್ನಕ್ಕೇ ಖಾಲಿ. ಇನ್ನೊಂದು ಸಾಕ್ಷಿ ಅದಕ್ಕಿಂತ ದೊಡ್ಡದು. ಸಂಜೆ ಬಂದು ನೋಡಿದರೆ ಸೋಸುವ ಜಾಲರಿ ಮೊಳೆಯಲ್ಲಿ ನೇತಾಡುತ್ತಾ ಒದ್ದೆಯಾಗಿರುತ್ತದೆ. ಡಬ್ಬದ ಪಾಸ್ತಾ ಬಿಸಿ ಮಾಡಿ ತಿನ್ನುವವರಿಗೆ ಜಾಲರಿ ಏಕೆ ಬೇಕು? ಏನೋ ಬೇಯಿಸಿಕೊಂಡು ಸೋಸುತ್ತಾರೆ, ಅಥವಾ ಕರಿದು ಎತ್ತುತ್ತಾರೆ.

"ಅತ್ತೆ, ಮಧ್ಯಾಹ್ನ ಏನು ಮಾಡ್ಕೊಂಡ್ರಿ?"

"ನಾನೇನು ಮಾಡ್ಕೊಳ್ಳಲಿ? ನೀನಿಟ್ಟಿದ್ದೇ."

"ಮತ್ತೆ ಜಾಲರಿ ಒದ್ದೆ ಇದೆ?"

"ಧೂಳಾಗಿತ್ತು, ತೊಳೆದೆ."

"ದಿನಾ ಧೂಳಾಗುತ್ತಾ?"

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂತರಂತೆ. ಕತ್ತರಿಯಂಥ ಬಾಯಿಯವರು ಉತ್ತರ ಕೊಡದೆ ಕೂತದ್ದೇ ಅಕ್ಕನಿಗೆ ಉತ್ತರವಾಯಿತು. ಹಿಂದೆ ಒಂದು ಸಲ ಅತ್ತೆ ಸೂಪು ಕುಡಿಯುತ್ತಾ, "ಉಪ್ಪು ಒಂಚೂರು ಮುಂದಾಗಿದೆಯೇನೋ ಅಲ್ವಾ?" ಎಂದು ಮೆಲ್ಲಗೆ ಕೇಳಿದ್ದರು. ಆಗ ಅಕ್ಕ, "ಉಪ್ಪಿನ ಪಾಠ ನನಗೆ ಹೇಳ್ತೀರಾ ಅತ್ತೆ? ನಾಳೆ ನಿಮ್ಮನ್ನೇ ಫ್ಯಾಕ್ಟರಿಗೆ ಕಳಿಸ್ತೀನಿ ಬಿಡಿ" ಎಂದು ಹಾಸ್ಯ ಮಾಡಿದ್ದಳು. ಹಾಸ್ಯವೇ, ಆದರೆ ಅದರಲ್ಲಿ ಮುಳ್ಳಿತ್ತು. ಅತ್ತೆ ಆ ಮಾತನ್ನು ಮತ್ತೆ ಎತ್ತಿರಲಿಲ್ಲ. ಈಗ ಅದೂ ಅಕ್ಕನಿಗೆ ಬೇರೆಯೇ ಅರ್ಥ ಕೊಟ್ಟಿತು. ಕಳ್ಳತನ ಮುಚ್ಚಲು ನನ್ನ ಅಡುಗೆಯ ಮೇಲೆ ಹಾಕಲು ನೋಡಿದ್ದರು!

ಅಂದಿನಿಂದ ಅಡುಗೆಮನೆಯ ಬೀರುವಿಗೆ ಬೀಗ ಬಿತ್ತು. ಉಪ್ಪು, ಚೀಸು, ಬಿಸ್ಕತ್ತು ಎಲ್ಲ ಒಳಗೆ. ಹೊರಗೆ ಉಳಿದದ್ದು ಪಾಸ್ತಾ ಡಬ್ಬ ಒಂದೇ, ಯಾಕೆಂದರೆ ಅದು ಸಪ್ಪೆ. ಮೂಲೆಯ ಅಂಗಡಿಯವನಿಗೂ ಹೇಳಿ ಬಂದಳು. "ನಮ್ಮತ್ತೆ ಬಂದ್ರೆ ಚಿಪ್ಸು ಗಿಪ್ಸು ಕೊಡ್ಬೇಡಿ." ಅಂಗಡಿಯವನು, "ಆ ಅಮ್ಮ ದಾರ ಬಿಟ್ಟು ಬೇರೇನೂ ಕೇಳಿದ್ದಿಲ್ಲವಲ್ಲ!" ಎಂದನಂತೆ. ಅವನೂ ಶಾಮೀಲು ಎಂದು ಅಕ್ಕ ತೀರ್ಮಾನಿಸಿದಳು. ವ್ಯಾನಿನಲ್ಲಿ ನನಗೆ ಇದನ್ನೆಲ್ಲ ಹೇಳುವಾಗ ಅವಳ ಬೆರಳು ಬೀಗದ ಕೈಯನ್ನು ತಿರುಗಿಸುತ್ತಲೇ ಇರುತ್ತಿತ್ತು. "ಹೆತ್ತ ತಾಯಿಯಂಥೋರಿಗೆ ಬೀಗ ಹಾಕ್ತಿದ್ದೀನಿ ಕಣೇ. ಅನ್ನ ತಿನ್ನೋ ಕೈಲಿ ಮಾಡೋ ಕೆಲಸವಾ ಇದು? ಹಾಕ್ದೆ ಇದ್ರೆ ಸತ್ತು ಹೋಗ್ತಾರೆ" ಎನ್ನುತ್ತಾ ಕಣ್ಣೊರೆಸಿಕೊಂಡಳು. ಒಳ್ಳೆಯ ಮನಸ್ಸೇ. ಕೆಟ್ಟ ಕೆಲಸಗಳಿಗೆ ಒಳ್ಳೆಯ ಮನಸ್ಸು ಎಷ್ಟು ಚೆನ್ನಾಗಿ ಕೂಲಿ ಮಾಡುತ್ತದೆ ನೋಡಿ.

ಗಂಡ ಒಮ್ಮೆ ಬಾಯಿ ಬಿಟ್ಟ. "ಅಮ್ಮ ಕದಿಯೋಳಲ್ಲ ಕಣೇ."

"ಹಾಗಾದ್ರೆ ನಾನು ವಿಷ ಹಾಕ್ತಿದ್ದೀನಾ?"

ಅವನು ಅಡಕತ್ತರಿಯಲ್ಲಿ ಸಿಕ್ಕ ಅಡಕೆ. ಟೋಪಿ ಹಾಕಿಕೊಂಡು ಬಸ್ಸಿಗೆ ಹೋದ.

ಎಲ್ಲ ಒಡೆದದ್ದು ನಾದಿನಿ ಬಂದ ಭಾನುವಾರ. ಅಕ್ಕನ ನಾದಿನಿ, ಅಂದರೆ ಅತ್ತೆಯ ಮಗಳು, ಊರಿನ ಇನ್ನೊಂದು ತುದಿಯಲ್ಲಿದ್ದಾಳೆ, ಮಕ್ಕಳ ಶಾಲೆಯಲ್ಲಿ ಟೀಚರು. ಅಮ್ಮನ ಕಾಲು ನೋಡಿ ಗಾಬರಿಯಾದಳು. "ಏನತ್ತಿಗೆ ಇದು? ಕಂಬ ಆಗಿದೆಯಲ್ಲ!" ಎಂದಳು. ಆ ಮಾತು ಅಕ್ಕನಿಗೆ ಚುಚ್ಚಿತು. ಜೊತೆಗೆ ನಾನು ಬೇರೆ ಅಲ್ಲಿದ್ದೆ, ಹಾಲಿನ ಪಾತ್ರೆ ವಾಪಸು ಕೊಡಲು ಹೋದವಳು. ಅತ್ತೆ ಆಗ ತಾನೇ ಇನ್ನೊಂದು ಲೋಟ ನೀರಿಗೆ ಕೈ ಚಾಚಿದ್ದರು. ಅಕ್ಕ ಲೋಟವನ್ನು ದೂರ ಸರಿಸಿದಳು.

"ಉಪ್ಪು ತಿಂದೋರು ನೀರು ಕುಡೀಲೇಬೇಕಲ್ಲ! ಹೇಳಿ ಅತ್ತೆ, ನಿಮ್ಮ ಮಗಳ ಮುಂದೇನೇ ಹೇಳಿ. ಎಲ್ಲಿಟ್ಟಿದ್ದೀರಿ?"

ಅಕ್ಕ ಒಳಕೋಣೆಗೆ ನುಗ್ಗಿದಳು. ದಿಂಬು ಎತ್ತಿ ಕೊಡವಿದಳು, ಹಾಸಿಗೆ ಮಗುಚಿದಳು, ಹೊಲಿಗೆ ಯಂತ್ರದ ಖಾನೆ ಎಳೆದು ನೆಲಕ್ಕೆ ಸುರಿದಳು. ದಾರದ ಉಂಡೆಗಳು ಉರುಳಿಕೊಂಡು ಮಂಚದ ಕೆಳಗೆ ಹೋದವು. ಗುಂಡಿ, ಬಾಚಣಿಗೆ, ಹಳೆಯ ಕನ್ನಡಕದ ಗೂಡು. ತಿನ್ನುವಂಥದ್ದು ಒಂದು ಚೂರೂ ಇರಲಿಲ್ಲ. ಸಿಗದೆ ಹೋದದ್ದರಿಂದ ಅಕ್ಕನ ಸಿಟ್ಟು ಇನ್ನೂ ಏರಿತು. "ಎಷ್ಟು ಜಾಣತನ ಅಂತೀನಿ!" ಎಂದಳು.

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತು ಎಲ್ಲ ನೋಡಿದರು. ಮುಖದಲ್ಲಿ ಸಿಟ್ಟು ಇರಲಿಲ್ಲ, ಅವಮಾನ ಇತ್ತು. ಆಮೇಲೆ ಮಗಳ ಕಡೆ ತಿರುಗಿ, "ನಾಲ್ಕು ದಿನ ನಿನ್ನ ಮನೆಗೆ ಬರ್ತೀನಮ್ಮ" ಎಂದರು. ಬೀದಿಯಲ್ಲಿ ಮಗಳ ತೋಳು ಹಿಡಿದು, ಹಿಂಬದಿ ತುಳಿದ ಚಪ್ಪಲಿಯಲ್ಲಿ ಕಾಲೆಳೆಯುತ್ತಾ ಹೋದರು. ತಿರುಗಿ ನೋಡಲಿಲ್ಲ.

ನಾದಿನಿಯ ಮನೆಯಲ್ಲಿ ಊತ ಇಳಿಯತೊಡಗಿತು. ಫೋನಿನಲ್ಲಿ ಸುದ್ದಿ ಕೇಳಿದ ಅಕ್ಕ ನನ್ನ ಹತ್ತಿರ ಬಂದು, "ನೋಡಿದ್ಯಾ? ಅಲ್ಲಿ ಮಗಳು ಕಣ್ಣಲ್ಲಿ ಕಣ್ಣಿಟ್ಟು ಕಾಯ್ತಾಳೆ, ಕದಿಯೋಕೆ ಆಗ್ತಿಲ್ಲ" ಎಂದಳು. ಗೆದ್ದವಳ ಮಾತು. ಆದರೆ ಮುಖ ಸೋತವಳದು. ಸಂಜೆ ಗೋಡೆಯಾಚೆ ನಗುವೂ ಇಲ್ಲ, ಹೊಲಿಗೆ ಯಂತ್ರದ ಸದ್ದೂ ಇಲ್ಲ. ಮಂಚದ ಕೆಳಗಿನ ದಾರದ ಉಂಡೆಗಳನ್ನು ಆಕೆ ಮಂಡಿಯೂರಿ ಒಂದೊಂದಾಗಿ ಎತ್ತಿ, ಬಣ್ಣಬಣ್ಣ ಬೇರೆ ಮಾಡಿ ಖಾನೆಯಲ್ಲಿ ಜೋಡಿಸಿದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ಕಾರ್ಖಾನೆಯಲ್ಲಿ ರುಚಿ ನೋಡುವ ಕೆಲಸಕ್ಕೆ ಹೊಸಬರನ್ನು ಆರಿಸುವ ಸಮಯ ಬಂತು. ಅದಕ್ಕೊಂದು ಪರೀಕ್ಷೆ ಇದೆ. ಮೇಜಿನ ಮೇಲೆ ಸಾಲಾಗಿ ನೀರಿನ ಬಟ್ಟಲು. ಮೊದಲನೆಯದು ಬರೀ ನೀರು, ಆಮೇಲೆ ಒಂದೊಂದರಲ್ಲೂ ಉಪ್ಪು ತುಸು ತುಸು ಹೆಚ್ಚು. ಯಾವ ಬಟ್ಟಲಿನಲ್ಲಿ ಉಪ್ಪು ಮೊದಲು ಗೊತ್ತಾಗುತ್ತದೋ ಅಲ್ಲಿ ಕೈ ಎತ್ತಬೇಕು. ಸಾಲಿನ ಮೊದಲ ಭಾಗದಲ್ಲೇ ಎತ್ತಿದವರಿಗೆ ಕೆಲಸ. ಬಂದವರಲ್ಲಿ ಕಾಲೇಜು ಮುಗಿಸಿದ ಹುಡುಗಿಯರೇ ಹೆಚ್ಚು. ಮ್ಯಾನೇಜರ್ ಹೆಮ್ಮೆಯಿಂದ, "ಅಕ್ಕ, ಇವರಿಗೆ ಒಂದು ಸಲ ಮಾಡಿ ತೋರಿಸಿ. ತಕ್ಕಡಿ ಅಂದ್ರೆ ಏನು ಅಂತ ನೋಡಲಿ" ಎಂದರು.

ಅಕ್ಕ ಮುಕ್ಕಳಿಸಿದಳು. ಮೊದಲ ಬಟ್ಟಲು. "ನೀರು." ಎರಡನೆಯದು. "ನೀರು." ಸರಿ. ಮುಂದಿನದಕ್ಕೆ ನಾನು ಕೈ ಏಳುವುದನ್ನು ಕಾದೆ. "ನೀರು" ಎಂದಳು. ಅದರ ಮುಂದಿನದೂ ನೀರು. ಸಾಲಿನ ನಡು ದಾಟಿತು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಮ್ಯಾನೇಜರ್ ಕೆಮ್ಮಿದರು. ಅಕ್ಕನಿಗೆ ಸಿಟ್ಟು ಬಂತು.

"ಯಾರು ಕಲಸಿದ್ದು ಇದನ್ನ? ಬರೀ ನಲ್ಲಿ ನೀರು ಇಟ್ಟಿದ್ದೀರಲ್ಲ! ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಆಮೇಲೆ ನಮ್ಮನ್ನ ಅಂತೀರಿ."

ಲ್ಯಾಬಿನಿಂದ ಹೊಸದಾಗಿ ಕಲಸಿ ತಂದರು. ಮತ್ತೆ ಅದೇ. ಆಕೆ ನೀರೆಂದು ಕೆಳಗಿಟ್ಟ ಬಟ್ಟಲನ್ನು ನಾನು ತೆಗೆದುಕೊಂಡು ಒಂದು ಗುಟುಕು ಬಾಯಿಗೆ ಹಾಕಿದೆ. ಉಪ್ಪು, ಅನುಮಾನಕ್ಕೆ ಎಡೆಯೇ ಇಲ್ಲದ ಉಪ್ಪು. ಉಗುಳಲು ಓಡಿದೆ. ನನ್ನ ಓಟ ನೋಡಿದ ಅಕ್ಕನಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

ಆಕೆ ಕುರ್ಚಿ ಹಿಡಿದು ಕೂತಳು. ಕೆಲಸ ಹೋಗುತ್ತದೆಂದು ಹೆದರಿದಳೆಂದು ಮ್ಯಾನೇಜರ್ ತಿಳಿದರು. "ಶೀತ ಆಗಿರಬೇಕು, ಬಿಡಿ" ಎಂದರು. ಆಕೆಗೆ ಅದು ಕೇಳಿಸಿದ ಹಾಗೆ ಕಾಣಲಿಲ್ಲ. ನನ್ನ ಮುಖ ನೋಡಿ ಕೇಳಿದಳು.

"ಹಾಗಾದ್ರೆ ಅತ್ತೆ ಕುಡಿದ ಸೂಪು?"

ನಡೆದದ್ದು ಬಿಡಿಸಿ ಹೇಳಿದರೆ ಬಹಳ ಸರಳ. ವಯಸ್ಸಿನ ಜೊತೆ, ವರ್ಷಗಟ್ಟಲೆ ಉಪ್ಪಿನಲ್ಲೇ ನೆನೆದು, ನಾಲಿಗೆ ಮೆಲ್ಲಗೆ ಮೊಂಡಾಗಿತ್ತು. ಮೊಂಡಾದಷ್ಟೂ ಆಕೆ ಸಪ್ಪೆ ಎಂದಳು. ಸಪ್ಪೆ ಎಂದಾಗಲೆಲ್ಲ ಒಂದು ಚಿಟಿಕೆ ಏರಿತು. ನಾವು ಪ್ರತಿ ಬ್ಯಾಚನ್ನೂ ಹಿಂದಿನದರ ಜೊತೆ ಮಾತ್ರ ಹೋಲಿಸುತ್ತಿದ್ದರಿಂದ, ಒಂದು ಚಿಟಿಕೆಯ ವ್ಯತ್ಯಾಸ ಯಾರ ಬಾಯಿಗೂ ಸಿಗಲಿಲ್ಲ. ಮೊಟ್ಟಮೊದಲ ಪಾಸ್ತಾಕ್ಕೂ ಇವತ್ತಿನದಕ್ಕೂ ಅಜಗಜಾಂತರ. ಜನರಿಗೆ ಉಪ್ಪು ಹಿಡಿಸುತ್ತದೆ, ಮಾರಾಟ ಚೆನ್ನಾಗಿತ್ತು, ಕೇಳುವವರು ಯಾರು?

ಅಂದು ಅರ್ಧ ದಿನ ರಜೆ ಹಾಕಿ ಇಬ್ಬರೂ ಬಂದೆವು. ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ಅಕ್ಕ ಪಾಸ್ತಾ ಡಬ್ಬದ ಬೆನ್ನನ್ನು ತನ್ನ ಜನ್ಮದಲ್ಲಿ ಮೊದಲ ಸಲ ಓದಿದಳು. ಕಣ್ಣು ಸಾಲದೆ ನನ್ನ ಕೈಗೆ ಕೊಟ್ಟು, "ಜೋರಾಗಿ ಓದು" ಎಂದಳು. ಓದಿದೆ. ಸತ್ವ ಸ್ವಲ್ಪ, ನಾರು ಹೇಳಿಕೊಳ್ಳುವಷ್ಟಿಲ್ಲ, ತರಕಾರಿ ಒಂದು ಹಿಡಿಗೂ ಕಡಿಮೆ. ಉಪ್ಪು ಮಾತ್ರ, ಅತ್ತೆಗೆ ಡಾಕ್ಟರು ಇಡೀ ದಿನಕ್ಕೆ ಇಷ್ಟೇ ಎಂದಿದ್ದರಲ್ಲ, ಅದರಲ್ಲಿ ಅರ್ಧ ಈ ಒಂದೇ ತಟ್ಟೆಯಲ್ಲಿ. ಅದರ ಮೇಲೆ ಸಂಜೆಯ ಸೂಪು.

"ಇನ್ನೊಂದ್ಸಲ ಓದು."

"ಎಷ್ಟು ಸಲ ಓದಿದ್ರೂ ಅಷ್ಟೇ ಅಕ್ಕ."

ಸಂಜೆ ಗಂಡ ಬಂದ. ವಿಷಯ ಕೇಳಿ, ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಸೂಪು ಉಪ್ಪುಪ್ಪು ಅಂತ ನಂಗೂ ಅನ್ಸಿತ್ತು" ಎಂದ.

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು?"

"ನಿಂಗೆ? ಉಪ್ಪಿನ ವಿಷಯ? ನಾನೇ ತಪ್ಪು ಇರ್ಬೇಕು ಅಂದ್ಕೊಂಡೆ."

ಅಕ್ಕ ನೆಲದ ಮೇಲೆ ಕೂತು ಎದೆ ಎದೆ ಬಡಿದುಕೊಂಡು ಅತ್ತಳು. "ನನ್ನ ಕೈಯಾರ ಹಾಕಿ ಹಾಕಿ, ಅವರನ್ನ ಕಳ್ಳಿ ಅಂದೆ. ಮಗಳ ಮುಂದೆ ಅಂದೆ. ದಿಂಬು ಕೊಡವಿದೆ." ನಾನು ಸಮಾಧಾನ ಹೇಳಲಿಲ್ಲ. ಕೆಲವು ಅಳುವನ್ನು ಮಧ್ಯದಲ್ಲಿ ನಿಲ್ಲಿಸಬಾರದು.

ಮಾರನೆಯ ಸಂಜೆ ನಾದಿನಿಯ ಮನೆಗೆ ಹೊರಟಾಗ ನನ್ನನ್ನೂ ಎಳೆದುಕೊಂಡು ಹೋದಳು. "ಅವತ್ತು ನೀನಿದ್ದೆ. ಇವತ್ತೂ ಇರ್ಬೇಕು" ಎಂದಳು. ಅವಮಾನ ಮಾಡಿದ್ದು ನಾಲ್ಕು ಜನರ ಮುಂದೆ, ಕ್ಷಮೆ ಕೇಳುವುದು ಮಾತ್ರ ಮೂಲೆಯಲ್ಲಿ ಎಂದಾಗಬಾರದು ಎನ್ನುವುದು ಆಕೆಯ ಲೆಕ್ಕ. ಅದು ನನಗೆ ಮೆಚ್ಚುಗೆಯಾಯಿತು.

ಅತ್ತೆ ಊಟದ ಮೇಜಿನ ಹತ್ತಿರ ಕೂತು ಮೊಮ್ಮಗಳ ಶಾಲೆಯ ಅಂಗಿಗೆ ಗುಂಡಿ ಹಾಕುತ್ತಿದ್ದರು. ಪಾದಗಳು ಸಣ್ಣಗಾಗಿದ್ದವು, ಚಪ್ಪಲಿಯೊಳಗೆ ಸರಿಯಾಗಿ ಕೂತಿದ್ದವು. ಅಕ್ಕ ನೇರವಾಗಿ ಹೋಗಿ ಆ ಪಾದಗಳ ಹತ್ತಿರ ಕುಸಿದಳು.

"ಅತ್ತೆ, ನನ್ನ ನಾಲಿಗೆ ಸತ್ತು ಹೋಗಿದೆ. ನೀವು ಏನೂ ಕದ್ದಿರ್ಲಿಲ್ಲ."

"ಏಳೇ, ನೆಲ ತಣ್ಣಗಿದೆ" ಎಂದರು ಅತ್ತೆ. ಆಶ್ಚರ್ಯ ಪಟ್ಟ ಹಾಗೆ ಕಾಣಲಿಲ್ಲ.

"ಒಂದು ಕೇಳ್ತೀನಿ. ಆ ಜಾಲರಿ ಯಾಕೆ ದಿನಾ ಒದ್ದೆ ಇರ್ತಿತ್ತು?"

ಅತ್ತೆ ಸೂಜಿಗೆ ದಾರ ಪೋಣಿಸಲು ಶುರು ಮಾಡಿದರು. ಪೋಣಿಸಿದ ದಾರ ಅದಾಗಲೇ ಸೂಜಿಯಲ್ಲಿ ಇತ್ತು. ನಾದಿನಿಗೆ ತಡೆಯಲಾಗಲಿಲ್ಲ.

"ತೊಳೆದು ತಿಂತಿದ್ರು ಅತ್ತಿಗೆ! ನಿಮ್ಮ ಪಾಸ್ತಾನ ಜಾಲರಿಗೆ ಹಾಕಿ, ನಲ್ಲಿ ಕೆಳಗೆ ಹಿಡಿದು, ಸಾಸೆಲ್ಲ ತೊಳೆದು, ಬರೀ ಬಿಳೀ ಪಾಸ್ತಾ ತಿಂತಿದ್ರಂತೆ. ಇಲ್ಲಿಗೆ ಬಂದ ದಿನಾನೂ ನಾನು ಬಡಿಸಿದ್ದನ್ನ ಹಾಗೇ ಎತ್ಕೊಂಡು ನಲ್ಲಿ ಹತ್ರ ಹೋದ್ರು. ಯಾಕಮ್ಮಾ ಅಂತ ಕೇಳಿದ್ಮೇಲೆ ಬಾಯಿ ಬಿಟ್ಟಿದ್ದು."

"ನೀನು ಸುಮ್ನಿರೇ."

"ಎಷ್ಟು ತೊಳೆದ್ರೂ ಒಳಗೆ ಹೀರ್ಕೊಂಡಿದ್ದು ಹೋಗುತ್ತಾ? ಅದರ ಮೇಲೆ ನಿಮ್ಮ ಸೂಪು. ಅದನ್ನ ತೊಳೆಯೋಕಾಗಲ್ಲವಲ್ಲ."

ಅಕ್ಕ ಅತ್ತೆಯ ಕಡೆ ತಿರುಗಿದಳು. "ನಿಮಗೆ ಗೊತ್ತಿತ್ತಾ ಅತ್ತೆ? ಗೊತ್ತಿದ್ದೂ ನನ್ನ ಕೈಲಿ ಕಳ್ಳಿ ಅನ್ನಿಸ್ಕೊಂಡ್ರಾ? ಒಂದು ಮಾತು ಹೇಳ್ಬಾರ್ದಾಗಿತ್ತಾ?"

ಅತ್ತೆ ಅಂಗಿಯನ್ನು ಮಡಿಚಿ ಪಕ್ಕಕ್ಕಿಟ್ಟರು.

"ಒಂದ್ಸಲ ಹೇಳಿದ್ದೆನಲ್ಲ. ನಿನ್ನ ಮುಖ ನೋಡಿ ಸುಮ್ನಾದೆ. ನಿನ್ನ ನಾಲಿಗೆ ಕೆಟ್ಟಿದೆ ಅಂತ ನಾನು ಆ ಮನೇಲಿ ಜೋರಾಗಿ ಅಂದ್ರೆ ಏನಾಗುತ್ತೆ? ಗೋಡೆಗೂ ಕಿವಿ ಇರುತ್ತೆ." ಇಲ್ಲಿ ನನ್ನ ಕಡೆ ಗಲ್ಲ ಎತ್ತಿ ತೋರಿಸಿದರು. "ಆ ಗೋಡೆಯಾಚೆ ಇವಳಿದ್ದಾಳೆ, ನಿನ್ನ ಫ್ಯಾಕ್ಟರಿಯವಳೇ. ಬೆಳಗಾಗೋ ಅಷ್ಟೊತ್ತಿಗೆ ವ್ಯಾನು ಹತ್ತಿರುತ್ತಿತ್ತು ಸುದ್ದಿ. ನಂಗೆ ಕಳ್ಳಿ ಅಂದ್ರೆ ಯಾವ ಕೆಲಸ ಹೋಗ್ಬೇಕಿತ್ತು? ನಿಂಗಾದ್ರೆ ಇರೋದೇ ಅದೊಂದು ಹೆಸರು."

ಅಕ್ಕ ಮತ್ತೆ ಅಳಲಿಲ್ಲ. ಅಳುವಿಗೂ ಮೀರಿದ ಜಾಗ ಅದು. ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದಳು. ಬೈಗುಳ ಸಿಗಲಿಲ್ಲ. ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ನಾದಿನಿ ಬಟ್ಟಲುಗಳನ್ನು ತಂದಿಟ್ಟಳು. ತರಕಾರಿ ಸೂಪು. ಅತ್ತೆಯೇ ಮಾಡಿದ್ದಂತೆ, ಈಗ ನಿಂತು ಅಡುಗೆ ಮಾಡುವಷ್ಟು ಉಸಿರಿದೆ. ಅಕ್ಕನ ಮುಂದೆ ಬಟ್ಟಲು ಸರಿಸಿ, ಅತ್ತೆ ಯಾವತ್ತೂ ಕೇಳುವ ಹಾಗೆ ಕೇಳಿದರು.

"ಉಪ್ಪು ಸರಿಯಾಗಿದ್ಯಾ ನೋಡಮ್ಮ."

ನಾನು ಬೆಚ್ಚಿ ಅತ್ತೆಯ ಮುಖ ನೋಡಿದೆ. ಕುಟುಕೇ? ಅಲ್ಲ. ಇಷ್ಟು ವರ್ಷ ಯಾವ ಅಡುಗೆ ಮಾಡಿದರೂ ಕೊನೆಗೆ ಸೊಸೆಯನ್ನು ಕರೆದು ಕೇಳುತ್ತಿದ್ದ ಮಾತು, ಅಭ್ಯಾಸಬಲದಿಂದ ಬಾಯಿಗೆ ಬಂದಿತ್ತು. ಆಡಿದ ಮೇಲೆ ಅವರಿಗೂ ಗೊತ್ತಾಗಿ ಸೆರಗು ಸರಿಮಾಡಿಕೊಂಡರು.

ಅಕ್ಕ ಚಮಚ ಎತ್ತಿದಳು. ಬಾಯಿಗಿಟ್ಟು, ಗೂಡಿನಲ್ಲಿ ಮಾಡುವ ಹಾಗೆ ನಾಲಿಗೆಯ ಮೇಲೆ ಹೊರಳಿಸಿದಳು. ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದಳು.

"ನಂಗೆ ಗೊತ್ತಾಗ್ತಿಲ್ಲ ಅತ್ತೆ. ನೀವೇ ಹೇಳಿ."

ಅತ್ತೆ ಅದೇ ಚಮಚ ತೆಗೆದುಕೊಂಡು ಒಂದು ಗುಟುಕು ಕುಡಿದರು.

"ಸಪ್ಪೆ" ಎಂದರು. "ನನಗಂತ ಮಾಡಿದ್ದು. ನಿಂಗೆ ಬೇಕಾದ್ರೆ ಮೇಲೆ ಹಾಕ್ಕೋ."

ಉಪ್ಪಿನ ಬಟ್ಟಲು ಆಕೆಯ ಕೈಗೆ ಎಟುಕುವಲ್ಲೇ ಇತ್ತು. ಅಕ್ಕ ಅದನ್ನು ಮುಟ್ಟಲಿಲ್ಲ. ತಲೆ ತಗ್ಗಿಸಿಕೊಂಡು ಬಟ್ಟಲನ್ನು ತಳದವರೆಗೂ ಕುಡಿದಳು, ಇನ್ನೊಂದು ಸೌಟು ಹಾಕಿಸಿಕೊಂಡು ಅದನ್ನೂ ಕುಡಿದಳು.